ಎರಡನೇ ಚರಣದ ಕೆಮ್ಮು

ಝೊಂಗುಲ್ದಾಕ್ ಊರಿನ ಇಳಿಜಾರು,
ಬೆಳಗಿನ ಮೂರನೇ ಟ್ರಿಪ್ಪು.
ಹದಿನಾಲ್ಕು ಸೀಟಿಗೆ ಹತ್ತೊಂಬತ್ತು ಜನ,
ಚಿಲ್ಲರೆ ಕೈಯಿಂದ ಕೈಗೆ ದಾಟಿ ನನ್ನ ತನಕ ಬರುತ್ತಿದೆ.
ಕೆಳಗೆ ಕಪ್ಪು ಸಮುದ್ರ, ಹೆಸರಿಗಷ್ಟೇ ಕಪ್ಪು,
ಇವತ್ತು ತೊಳೆದು ಬೋರಲಿಟ್ಟ ಅಲ್ಯೂಮಿನಿಯಂ ತಟ್ಟೆ.
ರೇಡಿಯೋದಲ್ಲಿ ಆ ಹಾಡು ಬಂತು.

ನನಗೇನೂ ಇಷ್ಟದ ಹಾಡಲ್ಲ ಅದು.
ಅಕ್ಕನದು, ನೆರ್ಮಿನಳದು.
ಆ ಬೇಸಿಗೆ ದಾಟಿದ ಮೇಲೆ
ಯಾರೂ ನೆನಪಿಡದ ಹಾಡು.
ಅವಳಿಗೆ ಹದಿನೈದು, ನನಗೆ ಒಂಬತ್ತು,
ಹಾಡುವವನ ಮೀಸೆಯೆಂದರೆ ಅವಳಿಗೆ ಪ್ರಾಣ,
ನನಗೆ ಆ ಮೀಸೆಯ ಮೇಲೇ ಹೊಟ್ಟೆಕಿಚ್ಚು.

ಶನಿವಾರ ರಾತ್ರಿ ರೇಡಿಯೋದ ಬಾಯಿಗೆ
ಟೇಪ್ ರೆಕಾರ್ಡರ್ ಒತ್ತಿ ಹಿಡಿದು
ಕೆಂಪು ಗುಂಡಿ ಅದುಮಿದಳೆಂದರೆ
ಮನೆಯಲ್ಲಿ ಯಾರೂ ಉಸಿರಾಡಕೂಡದು.
ಈರುಳ್ಳಿಯ ಮೇಲೆ ಅಮ್ಮ ಎತ್ತಿದ ಚಾಕು ಎತ್ತಿದ ಹಾಗೇ.
ನನ್ನ ಬಿಕ್ಕಳಿಕೆ ದಿಂಬಿನೊಳಗೆ.

ಅಪ್ಪ ಗಣಿಯಿಂದ ಬಂದದ್ದು ಆಗಲೇ.
ಬೂಟು ಕೈಯಲ್ಲಿ, ಬಾಗಿಲಲ್ಲೇ ನಿಂತ.
ಅಕ್ಕ ತುಟಿಗೆ ಬೆರಳಿಟ್ಟಳು.
ಐನೂರು ಮೀಟರು ಇಳಿದು ಹತ್ತಿ ಬರುವ ಮನುಷ್ಯ
ಮಗಳ ಒಂದು ಬೆರಳಿಗೆ ಹೆದರಿ
ಪಲ್ಲವಿ ಪೂರ್ತಿ ತಡೆದುಕೊಂಡ,
ಮೊದಲ ಚರಣ ಪೂರ್ತಿ,
ಎರಡನೆಯದರ ನಡುವೆ ಕಣ್ಣು ಕೆಂಪಾಗಿ
ಕೆಮ್ಮಿದ.
ಎಂಥ ಕೆಮ್ಮು ಅದು! ತಗಡಿನ ಡಬ್ಬಿಯಲ್ಲಿ ಜಲ್ಲಿಕಲ್ಲು.

ಅಕ್ಕ ಎರಡು ದಿನ ಮಾತು ಬಿಟ್ಟಳು.
ಹೊಸ ಕ್ಯಾಸೆಟ್ಟಿಗೆ ಕಾಸಿರಲಿಲ್ಲ,
ಹಾಡು ನನಗೆ ಬಾಯಿಪಾಠವಾದದ್ದೂ ಹಾಗೇ:
"ಕಿಟಕಿ ತೆರೆದೇ ಇಟ್ಟಿದ್ದೆ, ನೀನು"
ಅಮೇಲೆ ಅಪ್ಪ,
ಅಮೇಲೆ ಪಿಟೀಲು.

ಮುಂದಿನ ಶನಿವಾರಗಳಲ್ಲಿ
ಅಕ್ಕ ಗುಂಡಿಗೆ ಕೈ ಹಾಕಿದ್ದೇ ತಡ
ಅಪ್ಪ ಕೋಟು ಹೆಗಲಿಗೇರಿಸಿ
ತಾನಾಗಿಯೇ ಹೊರಗೆ ಮೆಟ್ಟಿಲಿಗೆ ಹೋಗುತ್ತಿದ್ದ.
ಜನವರಿಯಲ್ಲೂ.
ಮುಗೀತಾ, ಅಂತ ಬಾಗಿಲ ಸಂದಿಯಲ್ಲಿ ಕೇಳುತ್ತಿದ್ದ.
ಮುಗಿದದ್ದನ್ನು ಹೇಳಲು
ಒಮ್ಮೊಮ್ಮೆ ನಮಗೆ ಮರೆತೇ ಹೋಗುತ್ತಿತ್ತು.

ಟೇಪು ಸಿಕ್ಕಿಕೊಂಡು ಹಾಳಾದಾಗ
ಅಪ್ಪ ಹೋಗಿ ವರ್ಷವಾಗಿತ್ತು.
ಅಮ್ಮ ಅದನ್ನೆಲ್ಲ ಎಳೆದು ಚೆರ್ರಿ ಮರಕ್ಕೆ ಕಟ್ಟಿದಳು,
ಹಕ್ಕಿ ಬೆದರಲಿ ಎಂದು.
ಗಾಳಿಗೆ ಪಟಪಟ ಹೊಡೆದುಕೊಳ್ಳುವ ಕಂದು ಪಟ್ಟಿ,
ಅದರಲ್ಲಿ ಎಲ್ಲೋ
ಒಂದು ಗೇಣಿನಷ್ಟು ಅವನು.

ಆಸ್ಪತ್ರೆಯ ತಿರುವಿಗೂ ಎರಡನೇ ಚರಣಕ್ಕೂ ಸರಿಹೋಯಿತು.
ನಾನು ಕಾಯುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ.
"ಕಿಟಕಿ ತೆರೆದೇ ಇಟ್ಟಿದ್ದೆ, ನೀನು"
ಮೀಸೆಯವನು ನಿಲ್ಲಲಿಲ್ಲ.
ಯಾರೂ ಯಾವತ್ತೂ ಕೆಮ್ಮಿಯೇ ಇಲ್ಲವೆಂಬಂತೆ
ನಾಚಿಕೆಯಿಲ್ಲದೆ ಹಾಡುತ್ತ ಹೋದ.
ನಲವತ್ತು ವರ್ಷಕ್ಕೆ ಮೊದಲ ಸಲ
ಆ ಸಾಲಿನ ಕೊನೆ ಕೇಳಿಸಿಕೊಂಡೆ.
ಏನೂ ಇರಲಿಲ್ಲ ಅಲ್ಲಿ.
ಬರೀ ಒಂದು ಪ್ರಾಸ.

ಬಂದದ್ದು ಅಳುವಲ್ಲ, ಸಿಟ್ಟು.
ಕಾಲು ಬ್ರೇಕಿನ ಮೇಲೆ.
ಹತ್ತೊಂಬತ್ತು ಜನ ಒಬ್ಬರ ಮೇಲೊಬ್ಬರು,
ಮುದುಕಿಯೊಬ್ಬಳ ಚೀಲದ ನಿಂಬೆಹಣ್ಣು
ನನ್ನ ಬೂಟಿನ ತನಕ ಉರುಳಿದವು.
"ಬೆಕ್ಕು," ಅಂದೆ, "ಅಡ್ಡ ಬಂತು."
"ಯಾವ ಬಣ್ಣದ್ದು?" ನಿಂಬೆ ಎಣಿಸುತ್ತಲೇ ಅವಳು.
"ಕರೀದು."
"ಬದುಕಿತಾ?"

ಗೇರು ಹಾಕಿದೆ.
ಆಸ್ಪತ್ರೆ ಸ್ಟಾಪಿನಲ್ಲಿ ಬಾಗಿಲು ತೆರೆದೆ.
ಇಳಿಯುವವರು ಇಳಿದಾಯಿತು, ಹತ್ತುವವರಿಲ್ಲ,
ಚಳಿ ಒಳಗೆ ಬರುತ್ತಿದೆ, ಹಾಕಯ್ಯಾ ಎಂದು ಹಿಂದಿನಿಂದ ಗೊಣಗಾಟ.
ಇನ್ನೂ ಸ್ವಲ್ಪ ಹೊತ್ತು
ತೆರೆದೇ ಇಟ್ಟೆ.