ಕತ್ತಿನ ಎತ್ತರ

ಮೊದಲ ಸಲ ಹೋದಾಗ ಆ ಮನೆಗಿನ್ನೂ ವಾರ್ನಿಷ್ ವಾಸನೆ.
ಇಪ್ಪತ್ತಾರು ಅಡಿ ಮೇಲೆ ಪೈನ್ ತೊಲೆಗಳು.
ಆಡಿದ ಮಾತು ಅಲ್ಲಿಯವರೆಗೆ ಹೋಗಿ
ಸ್ವಲ್ಪ ತಡವಾಗಿ ಇಳಿದು ಬರುತ್ತಿತ್ತು.
ಕಿಟಕಿಯಾಚೆ ವಯೋಮಿಂಗ್, ಬರೀ ಗಾಳಿ.
ನೆಲದಲ್ಲಿ, ಹಳೆಯ ಕಂಬಳಿಗಳ ಮೇಲೆ,
ಹನ್ನೊಂದು ತಲೆ.
ಮಲಗಿಸಿದ್ದರೂ ಎಲ್ಲದರ ಕಣ್ಣೂ ತೆರೆದೇ ಇದ್ದವು.

"ಎಲ್ಕ್ ಎಲ್ಲಕ್ಕಿಂತ ಮೇಲೆ," ಅಂದ ಹಾರ್ಲನ್ ಬೆಕ್‌ವಿತ್.
ನಾನಂದೆ: ಅಷ್ಟು ಮೇಲೆ ಹೋದರೆ
ಗದ್ದ ಕಾಣುತ್ತದೆ, ಮೂಗಿನ ಹೊಳ್ಳೆ,
ಗಂಟಲಡಿಯ ಹೊಲಿಗೆ.
ಊಟದ ಮನೆಗೆ ಏಳಡಿ, ಇಂಥ ಹಜಾರಕ್ಕೆ ಹನ್ನೆರಡು,
ನನ್ನ ಲೆಕ್ಕ ಅದು.

ಅವನು ಬೂಟಿನ ತುದಿಯಿಂದ ನೆಲದಲ್ಲೊಂದು ಜಾಗ ಮುಟ್ಟಿದ:
"ಅವತ್ತು ನಾನು ಇಲ್ಲಿ, ತೊರೆಯೊಳಗೆ,
ಮೊಣಕಾಲುದ್ದ ನೀರಿನಲ್ಲಿ.
ಅದು ಅಲ್ಲಿ, ದಿಬ್ಬದ ನೆತ್ತಿಯಲ್ಲಿ.
ಎಷ್ಟು ಕತ್ತೆತ್ತಿದೆನೋ ನನ್ನ ಕತ್ತಿಗೆ ಗೊತ್ತು.
ನಿನ್ನ ಲೆಕ್ಕ ನಿನ್ನ ಹತ್ತಿರ ಇರಲಿ."

ಇಪ್ಪತ್ತೆರಡು ಅಡಿ.
ಅಟ್ಟಣಿಗೆ ಕಟ್ಟಿ ಮೂವರು ಸೇರಿ ಏರಿಸಿದೆವು.
ನಾನು ಅದರ ಕೊರಳು ತಬ್ಬಿಕೊಂಡೇ ಮೇಲೆ ಹೋದದ್ದು,
ಜ್ವರದ ಮಗುವನ್ನು ಎತ್ತಿಕೊಂಡವನ ಹಾಗೆ,
ತೂಕ ಮಾತ್ರ ಮಗುವಿನದಲ್ಲ.
ಚರ್ಮ, ಕೊಂಬು ಬಿಟ್ಟರೆ ಎಲ್ಕ್‌ನದು ಅಂತ ಅದರಲ್ಲೇನೂ ಇಲ್ಲ:
ಫೋಮು, ತಂತಿ, ಜೇಡಿಮಣ್ಣು.
ಕಣ್ಣು ಡಬ್ಬಿಯಲ್ಲಿ ಬರುತ್ತವೆ, ಜೋಡಿ ಲೆಕ್ಕ.

ಬಂದವರೆಲ್ಲ ಬಾಯಿ ಬಿಟ್ಟು ನೋಡಿದರಂತೆ.
"ಅಷ್ಟು ಮೇಲೆ ನೋಡಿದರೆ
ಯಾರ ಬಾಯಾದರೂ ಬಿಟ್ಟುಕೊಳ್ಳುತ್ತೆ," ಅಂದಳು ವರ್ನಾ.

ಏಳು ವರ್ಷದ ಮೇಲೆ ಫೋನು.
"ನಾಲ್ಕಡಿ ಇಳಿಸು."
ಯಾಕೆಂದು ಅವನು ಹೇಳಲಿಲ್ಲ.
ವರ್ನಾ ಹೇಳಿದಳು, ಕಾಫಿ ಕೊಡುತ್ತ, ದನಿ ತಗ್ಗಿಸಿ:
ಕತ್ತಿನ ಎಲುಬು ಸವೆದಿದೆ,
ಹೋದ ವಾರ ಅದನ್ನು ನೋಡುತ್ತ ನೋಡುತ್ತಲೇ
ಹಿಮ್ಮುಖ ಬಿದ್ದ.

ಮರುವರ್ಷ ಮತ್ತೆ ಮೂರಡಿ.
ಅದರಾಚೆ ವರ್ಷ ಐದು.
ಉಳಿದ ಹತ್ತರ ಸುದ್ದಿಯನ್ನೇ ಅವನು ಎತ್ತಲಿಲ್ಲ.
ಬೆಟ್ಟದ ಟಗರು, ಪ್ರಾಂಗ್‌ಹಾರ್ನ್, ಒಂದು ಕರಡಿ,
ಧೂಳು ಹೊದ್ದು ಇದ್ದಲ್ಲೇ ಇದ್ದು
ಹಿರಿಯಣ್ಣ ಇಳಿಯುವುದನ್ನು ನೋಡುತ್ತಿದ್ದವು.
ಹಾಗನ್ನಬಾರದು. ಅವು ಏನನ್ನೂ ನೋಡುತ್ತಿರಲಿಲ್ಲ.

ಪ್ರತಿ ಸಲ ಹಲಗೆಯ ಮೇಲೊಂದು ಬಿಳಿಚಿದ ಜಾಗ, ನಾಲ್ಕು ತೂತು.
ಮೇಣ ತುಂಬಿ ಮುಚ್ಚಲೇ ಎಂದರೆ ಬೇಡವೆಂದ.
ಬಾಗಿಲ ಹತ್ತಿರ ನಿಂತು ನೋಡಿದಾಗ ನನಗೆ ಹೊಳೆಯಿತು:
ದಿಬ್ಬ ಇಳಿದ ಗೊರಸಿನ ಜಾಡು.

ಹೋದ ಅಕ್ಟೋಬರಿನಲ್ಲಿ ಮತ್ತೆ ಕರೆಸಿದ.
ಈಗ ಗಾಲಿಕುರ್ಚಿ. ಕಾಲಲ್ಲಿ ತೋರಿಸಲಾರ,
ಕೈ ಇಳಿಬಿಟ್ಟು ತೋರಿಸಿದ: ಇಲ್ಲಿ.
ಏಣಿ ವ್ಯಾನಿನಲ್ಲೇ ಉಳಿಯಿತು.
"ಇಷ್ಟು ಕೆಳಗೆ ಹಾಕಿದರೆ
ಜನ ಕೊಂಬಿಗೆ ಎಡವುತ್ತಾರೆ," ಅಂದೆ.
"ಯಾವ ಜನ?" ಅಂದ.

ಆಮೇಲೆ, ನಾನು ತಿರುಪು ಹುಡುಕುತ್ತಿದ್ದಾಗ,
ನನಗಲ್ಲವೆಂಬಂತೆ:
"ಹೊಡೆದ ಮೇಲೆ ದಿಬ್ಬ ಹತ್ತಿಹೋದೆ.
ಸತ್ತಿರಲಿಲ್ಲ.
ಎರಡನೇ ಗುಂಡು ಹಾಕಬೇಕಿತ್ತು, ಹಾಕಲಿಲ್ಲ.
ಮಂಡಿಯೂರಿ ಕೂತೆ, ಮುಗಿಯುವವರೆಗೂ.
ಹೊತ್ತು ಹಿಡಿಯಿತು.
ಎಲ್ಲರಿಗೂ ಒಂದೇ ಗುಂಡು ಅಂತ ಹೇಳಿದ್ದೇನೆ.
ಒಂದೇ. ಅದೇನು ಸುಳ್ಳಲ್ಲ."

ನಾನೂ ಮಂಡಿಯೂರಿಯೇ ಬಿಗಿಯಬೇಕಾಯಿತು,
ಬೇರೆ ದಾರಿ ಇರಲಿಲ್ಲ.
ಮಟ್ಟ ನೋಡಿದೆ. ನೀರ್ಗುಳ್ಳೆ ನಡುವೆ ನಿಂತಿತು.

ವರ್ನಾ ಒಳಬಾಗಿಲಿಂದ ಮೇಲೆ ನೋಡುತ್ತ ಕೇಳಿದಳು,
ಅಷ್ಟೆತ್ತರದ ಗೋಡೆಗೆ ಇನ್ನೇನು ಹಾಕುವುದೆಂದು.
ಅವನಿಗೆ ಕೇಳಿಸಿತೋ ಇಲ್ಲವೋ.
ಕುರ್ಚಿ ಹತ್ತಿರ ತಂದು, ಕೈ ಚಾಚಿ,
ಇಷ್ಟು ವರ್ಷಕ್ಕೆ ಮೊದಲ ಸಲ ಅದರ ಎಡಗಿವಿ ಸವರಿದ.

ನುಸಿ ತಿಂದಿತ್ತೇನೋ,
ಒಂದು ಹಿಡಿ ಕೂದಲು ಕಿತ್ತು ಬಂತು.
ಅವನು ಅದನ್ನು ಇದ್ದಲ್ಲೇ ಮತ್ತೆ ಕೂರಿಸಲು ನೋಡುತ್ತಿದ್ದ,
ಹೆಬ್ಬೆರಳಿಂದ ಒತ್ತಿ ಒತ್ತಿ,
ನಾನು ಸಾಮಾನು ಕಟ್ಟಿಕೊಂಡು ಹೊರಡುವಾಗಲೂ.