ಚಕ್ಕುಬಂದಿ

ಪೂರ್ವಕ್ಕೆ ಓಣಿ, ಪಶ್ಚಿಮಕ್ಕೆ ಹುಣಸೆಮರ,
ಉತ್ತರಕ್ಕೆ ಗಾಣದ ಖಾಲಿ ಜಾಗ, ದಕ್ಷಿಣಕ್ಕೆ ಚರಂಡಿ.
ಇಷ್ಟರ ಮಧ್ಯೆ ಉಳಿದದ್ದೇ ಮನೆ.

ಮರ ಬಿದ್ದು ನಲವತ್ತು ವರ್ಷ. ಪತ್ರದಲ್ಲಿ ಬಿದ್ದಿಲ್ಲ.
ಅಪ್ಪ ಬರೆದದ್ದನ್ನು ನಾನು ನಕಲು ಮಾಡುತ್ತೇನೆ,
ಅಪ್ಪ ಅವರಪ್ಪನದನ್ನು ಮಾಡಿದ ಹಾಗೆ.
ಶಿಡ್ಲಘಟ್ಟದ ನೋಂದಣಿ ಕಚೇರಿಯೆದುರು
ಮೂರು ತಲೆಮಾರಿನ ಮೇಜು, ಒಂದು ಕಾಲು ಕುಂಟು.

ಕಟ್ಟಿಸಿದ್ದು ದೊಂತಿ ಆದಿನಾರಾಯಣ ಶೆಟ್ಟರು,
ಕಡಲೆಕಾಯಿ ಎಣ್ಣೆಯ ದುಡ್ಡಲ್ಲಿ ಎಂಟು ಕಂಬ.
ಒಂಬತ್ತನೆಯದಕ್ಕೆ ಸಾಲದೆ
ಪಡಸಾಲೆಯ ಮೂಲೆ ಇವತ್ತಿಗೂ ತಗ್ಗು;
ಎಲ್ಲಿ ಬಿಟ್ಟರೂ ಗೋಲಿ ಅಲ್ಲಿಗೇ ಹೋಗಿ ನಿಲ್ಲುತ್ತದೆ.
ಮಕ್ಕಳು ನಾಲ್ಕು ಪಾಲು ಕೇಳಿದರು.
ಶೆಟ್ಟರು ಪಾಲು ಮಾಡಲಿಲ್ಲ, ಮಾರಿದರು.

ಖಲೀಲುಲ್ಲಾ ಸಾಬರ ಕಾಲಕ್ಕೆ
ದೇವರಕೋಣೆ ತುಂಬ ರೇಷ್ಮೆಗೂಡು,
ಹಿತ್ತಲಲ್ಲಿ ಆರು ಬಾಣಲೆ.
ಹುಳ ಬೆಂದ ವಾಸನೆ ಗೋಡೆಯ ಸುಣ್ಣಕ್ಕೂ ಹತ್ತಿತು.
ಚೀನಾ ನೂಲು ಬಂದ ವರ್ಷ ಅಡವು ಬಿಡಿಸಲಾಗದೆ
ಹೊರಟಾಗ, ಅವರ ಬೀವಿ
ಹೊಸ್ತಿಲು ಒರೆಸಿಟ್ಟು ಹೋದರಂತೆ.

ಆಮೇಲೆ ಕಾಂಪೌಂಡರ್ ಪಿಳ್ಳಪ್ಪ.
ಅಪ್ಪ ವಾಡಿಕೆಯಂತೆ ಓದಿದರು:
ನಿಧಿ ನಿಕ್ಷೇಪ ಜಲ ತರು ಪಾಷಾಣ ಸಹಿತ...
ಮೊದಲ ಪದದಲ್ಲೇ ಪಿಳ್ಳಪ್ಪನ ನಿದ್ದೆ ಹೋಯಿತು.
ದೇವರಕೋಣೆ ಅಗೆದ, ಅಡುಗೆಮನೆ ಅಗೆದ,
ಕೊನೆಗೆ ಹೆಂಡತಿ ಮಲಗುವ ಜಾಗವನ್ನೂ.
ಸಿಕ್ಕಿದ್ದು ತಳ ತೂತಾದ ಎಣ್ಣೆಯ ಮಾನ,
ಮತ್ತೆ ಬೂದಿ, ಬಹಳ ಬೂದಿ.
ಪತ್ರ ಸುಳ್ಳೆಂದು ಮೇಜು ಗುದ್ದಿದವನಿಗೆ ಅಪ್ಪ ಅಂದರು:
"ಇದ್ದರೆ ನಿನ್ನದು ಅಂತ ಬರೆದೆ. ಇದೆ ಅಂತ ಬರೆದೆನಾ?"

ಇವತ್ತು ಕೊಳ್ಳುವವರು ಅಕ್ಕಯಮ್ಮ.
ಒಂಬತ್ತನೇ ವಯಸ್ಸಿಗೆ ಆ ಹಿತ್ತಲ
ನಾಲ್ಕನೇ ಬಾಣಲೆಗೆ ಸೇರಿದವರು,
ಕುದಿನೀರಲ್ಲಿ ಎಳೆಯ ತುದಿ ಹುಡುಕಿದವರು.
ಬೆಂದ ಹುಳ ಒಣಗಿಸಿ
ಮೀನಿನ ಮೇವಿಗೆ ಮಾರಿದ ದುಡ್ಡು ಸೆರಗಲ್ಲಿ.

ಗಾಜಿನ ಮೇಲೆ ಹೆಬ್ಬೆರಳಿಟ್ಟರೆ ಯಂತ್ರ ಒಪ್ಪಲಿಲ್ಲ.
ಎಡದ್ದು. ಬಲದ್ದು. ಒರೆಸಿ, ಒತ್ತಿ, ಉಸಿರು ಬಿಟ್ಟು.
"ಗೆರೆಗಳೇ ಇಲ್ಲವಲ್ಲಮ್ಮ" ಅಂದ ಹುಡುಗ.
"ಆ ಮನೇಲೇ ಅವೆ, ಹೋಗಿ ನೋಡ್ಕೋ."
ಏಳನೇ ಸಲಕ್ಕೆ ಕಿರುಬೆರಳು ಹತ್ತಿತು.

ನಾನು ಓದುತ್ತಿದ್ದೆ. ಪಾಷಾಣದ ಹತ್ತಿರ ತಡೆದರು:
"ವಿಷ ಯಾಕಪ್ಪ ನಂಗೆ?"
"ಕಲ್ಲು ಅಂತಮ್ಮ ಅರ್ಥ."
"ಒಲೆ ಕಲ್ಲಾ?"
"ಅದೂ ಸೇರಿ."
ಹ್ಞೂಂ ಅಂದರು. ಸ್ವಲ್ಪ ಹೊತ್ತು ಬೆರಳು ನೋಡಿಕೊಂಡರು.

ಹುಣಸೆಮರ ಈಗ ಇಲ್ಲವೆಂದು ನಾನೇ ಹೇಳಿದೆ,
ಬೇಕಾದರೆ ಹೊಡೆದುಹಾಕುತ್ತೇನೆಂದೆ.
"ಅದು ಬಿದ್ದ ದಿನ ನಾನಲ್ಲೇ ಇದ್ದೆ" ಅಂದರು.
"ಬರಿ, ಬರಿ. ಇರ್ಲಿ."