ಹನ್ನೆರಡನೇ ಇಂಚು

ಭರಣಿ ಹೊಯ್ದು ಮೂರನೇ ದಿನ.
ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಬಂದುಬಿಟ್ಟಿದ್ದೆ ಅರಸೀಕೆರೆಗೆ,
ಬಸ್ಸಿನಲ್ಲಿ ಯಾರೋ ನಕ್ಕ ಮೇಲೆ ಗೊತ್ತಾಯಿತು.
ಅಂಗಡಿ ಮುಂದೆ ಸಾಲಾಗಿ ನೇಗಿಲು,
ಹೊಸ ನೀಲಿ ಬಣ್ಣ, ಕುಳಕ್ಕಿನ್ನೂ ಎಣ್ಣೆಕಾಗದ:
ಎರಡು ರೆಕ್ಕೆಯದು, ಮೂರು ರೆಕ್ಕೆಯದು,
ಮೂಲೆಯಲ್ಲಿ ನಾಲ್ಕರದ್ದೊಂದು, ಯಾರ ಮನೆಗೋ.

ನಮ್ಮನೆಯವರು ನೆಟ್ಟಗೆ ಮೂರರ ಹತ್ತಿರ ಹೋಗಿ ನಿಂತರು.
ಪಕ್ಕದ ಹೊಲದ ಕಲ್ಲೇಶಪ್ಪನದು ಮೂರು.
ಅದನ್ನವರು ಹೇಳಲಿಲ್ಲ,
ಕಬ್ಬಿಣವನ್ನು ಬೆರಳಲ್ಲಿ ತಟ್ಟಿ ಕಿವಿಗೊಟ್ಟರು,
ತೆಂಗಿನಕಾಯಿ ತಟ್ಟಿದ ಹಾಗೆ.
"ನಲವತ್ತೆರಡು ಎಚ್‌ಪಿ ಅಲ್ವಾ ಸಾರ್, ಎಳೆಯುತ್ತೆ,"
ಅಂದ ಅಂಗಡಿ ಹುಡುಗ.
ಎಳೆಯುತ್ತೆ. ಸರಿ.
ಮೂವತ್ತಾರರ ಎದೆಗೆ ಮೂವತ್ತನಾಲ್ಕರ ರವಿಕೆಯೂ ಏರುತ್ತೆ,
ಉಸಿರು ಬಿಡುವ ತನಕ.

ಒಂದು ರೆಕ್ಕೆ ಎಷ್ಟಗಲ ಮಣ್ಣು ಕೊಯ್ಯುತ್ತೆ, ಕೇಳಿದೆ.
ಅವನು ಪುಸ್ತಕ ಹುಡುಕುವಷ್ಟರಲ್ಲಿ
ಕೂತು ಟೇಪು ಹಿಡಿದೆ: ಹನ್ನೆರಡು ಇಂಚು.
ಎರಡಾದರೆ ಎರಡಡಿ, ಮೂರಾದರೆ ಒಂದು ಗಜ.
ಕೊಯ್ಯುವುದು, ಮಡಚುವುದು, ಮಗುಚಿ ಹಾಕುವುದು
ನನಗೇನು ಹೊಸ ಕೆಲಸವಲ್ಲ.
ಬಟ್ಟೆ ಯಾವುದೆಂದು ನೋಡದೆ ಗಜದ ಮಾತಾಡಬಾರದು.

ನಮ್ಮ ಹೊಲ ಒಂದೇ ಥಾನಿನದಲ್ಲ.
ಮೇಲ್ಗಡೆ ಕೆಮ್ಮಣ್ಣು, ಹತ್ತಿಬಟ್ಟೆ,
ಎಳೆದತ್ತ ಬರುತ್ತೆ.
ಕೆಳಗೆ, ಹಳ್ಳದ ಮಗ್ಗುಲಿಗೆ ಎರೆ:
ಒಣಗಿದರೆ ಬಂಡೆ, ನೆನೆದರೆ ಒದ್ದೆ ವೆಲ್ವೆಟ್ಟು,
ಕತ್ತರಿಯನ್ನೇ ಕಚ್ಚಿ ಹಿಡಿಯುತ್ತೆ.

"ಕಲ್ಲೇಶಪ್ಪನದನ್ನು ಒಂದು ದಿನ ಇಸಕೊಂಡು ಬನ್ನಿ,
ಹಾಕಿ ನೋಡಿ ಆಮೇಲೆ ಕೊಳ್ಳೋಣ," ಅಂದೆ.
ಮೊದಲ ಸಲ ಒಗೆದ ಖಾದಿಯ ಹಾಗೆ ಕುಗ್ಗಿತು ಮುಖ.
ಆದರೂ ಇಸಕೊಂಡು ಬಂದರು.

ಹಿಂದಿನ ಟೈರಿನ ಮೇಲೆ
ನನ್ನ ಚಪ್ಪಟೆ ಸೀಮೆಸುಣ್ಣದಲ್ಲಿ ಒಂದು ಗೀಟು.
ನೇಗಿಲು ಎತ್ತಿಕೊಂಡು ಬರಿದೆ ಹೋದರೆ
ಬದುವಿನಿಂದ ಹೊಂಗೆಮರಕ್ಕೆ ಹತ್ತು ಸುತ್ತು.
ಎರೆಯಲ್ಲಿ ಮೂರೂ ರೆಕ್ಕೆ ಗೇಣುದ್ದ ಊರಿ ಹೊರಟರೆ
ಅದೇ ಹೊಂಗೆಮರಕ್ಕೆ ಹದಿಮೂರೂವರೆ.
ಮರವೇನೂ ದೂರ ಹೋಗಿರಲಿಲ್ಲ.
ಟ್ರ್ಯಾಕ್ಟರು ಮೂತಿ ಎತ್ತಿತು,
ಮುಂದಿನ ಚಕ್ರ ಸುಮ್ಮನೆ ನೆಲ ಸವರಿತು,
ಹೊಗೆ ಕರ್ರಗಾಗಿ ಬೆಳ್ಳಕ್ಕಿಗಳೂ ಎದ್ದು ಹೋದವು.
ಅವರು ಇಳಿದು ಟೈರಿನ ಅಚ್ಚು ಹುಡುಕಿದರು.
ಅಚ್ಚಿರಲಿಲ್ಲ. ಒರೆಸಿದ ಹಾಗಿತ್ತು ಮಣ್ಣು.

ಬೈಗಿಗೆ ಜಾವಗಲ್ಲಿನ ಖಲಂದರ್ ಸಾಬರ ಶೆಡ್ಡು.
ಹಳೇ ಎರಡು ರೆಕ್ಕೆಯದು, ಬಣ್ಣ ಹೋದದ್ದು,
ಕುಳ ಮಾತ್ರ ಹೊಸದು.
"ಕೊಂಡೊಯ್ಯಿರಿ, ಆಗದಿದ್ದರೆ ನಾಳೆ ತಂದು ಬಿಸಾಕಿ."
ಮಾರನೇ ದಿನ ಹೊಂಗೆಮರಕ್ಕೆ ಹನ್ನೊಂದು ಸುತ್ತು, ಮೇಲೊಂಚೂರು.
ಹೆಂಟೆಗಳು ಹೊಟ್ಟೆ ಮೇಲಾಗಿ ಮಗುಚಿಕೊಂಡವು,
ಎಂಜಿನ್ನು ಒಂದೇ ದನಿಯಲ್ಲಿ ಗುನುಗಿತು,
ಇವರು ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ.
ಒಂದಡಿ ಕಡಿಮೆ ಕೊಯ್ದರೂ
ಹೊತ್ತಿಗೆ ಮುಂಚೆ ಮನೆಯಲ್ಲಿದ್ದೆವು.

ದುಡ್ಡು ಕೊಡಲು ಹೋದಾಗ ಸಾಬರು ಚೌಕಟ್ಟಿನ ತುದಿ ತೋರಿಸಿದರು:
"ಮೂರನೇದಕ್ಕೆ ತೂತು ಬಿಟ್ಟಿದೀನಮ್ಮಾ,
ಕೆಮ್ಮಣ್ಣಿಗೆ ಬೇಕೆಂದರೆ ಬಿಗಿದುಕೊಳ್ಳಿ."
ಒಳಮಡಿಕೆ, ಅಂದೆ.
ಅವರಿಗೆ ಅರ್ಥವಾಗಲಿಲ್ಲ, ತಲೆಯಾಡಿಸಿದರು.
ಇವರು ಆ ತೂತಿಗೆ ಬೆರಳು ತೂರಿಸಿ
ಸ್ವಲ್ಪ ಹೊತ್ತು ಹಾಗೇ ನಿಂತಿದ್ದರು.

ಸೋಮವಾರ ಭುವನಾಕ್ಷಿ ಟೀಚರ್ ಅಳತೆಗೆ ಬಂದರು.
ಕೈ ಎತ್ತಿ ನಿಂತವರು ತೋಳು ನೋಡಿಕೊಂಡು,
"ಇದೇನ್ರೀ, ಕೆಂಪು?" ಅಂದರು.
ಟೇಪಿನ ಹನ್ನೆರಡನೇ ಇಂಚಿನಲ್ಲಿ ಮಣ್ಣು ಕೂತಿತ್ತು.
ಒಗೆದರೆ ಹೋಗುತ್ತೆ ಟೀಚರ್, ಅಂದೆ.
ಅವರ ಸೀರೆಯದು ಹೋಯಿತು.
ಟೇಪಿನದು ಹೋಗಲಿಲ್ಲ; ಈಗಲೂ
ತೋಳಿನುದ್ದ ಹಿಡಿಯುವಾಗ
ಹನ್ನೊಂದಾದ ಮೇಲೆ ಹದಿಮೂರನ್ನು ನೋಡಿ
ಒಂದು ಕಳೆಯುತ್ತೇನೆ.